ಹೆಗಲಿಲ್ಲದ ಡೋಲಿ

ಮಹಾಭಾರತದ ವನಪರ್ವದಲ್ಲಿ ಅಷ್ಟಾಗಿ ಯಾರೂ ನೆನಪಿಟ್ಟುಕೊಳ್ಳದ ಒಂದು ಪ್ರಸಂಗವಿದೆ. ಜೂಜು ನಡೆದಾಗ ತಾನು ಹಸ್ತಿನಾವತಿಯಲ್ಲಿ ಏಕೆ ಇರಲಿಲ್ಲ ಎಂಬುದನ್ನು ಯುಧಿಷ್ಠಿರನಿಗೆ ವಿವರಿಸುತ್ತ ಕೃಷ್ಣ ಸಾಲ್ವನ ಕತೆ ಹೇಳುತ್ತಾನೆ. ಕೃಷ್ಣ ಊರಲ್ಲಿ ಇಲ್ಲದಾಗ ಸಾಲ್ವ ದ್ವಾರಕೆಗೆ ಮುತ್ತಿಗೆ ಹಾಕುತ್ತಾನೆ. ಎದುರಿಗೆ ನಿಂತ ಪ್ರದ್ಯುಮ್ನ ಬಾಣ ನಾಟಿ ರಥದಲ್ಲೇ ಮೂರ್ಛೆ ಹೋಗುತ್ತಾನೆ. ಅವನ ಸಾರಥಿ, ದಾರುಕನ ಮಗ, ಕುದುರೆಗಳನ್ನು ತಿರುಗಿಸಿ ರಥವನ್ನು ರಣದಿಂದ ಆಚೆಗೆ ಒಯ್ಯುತ್ತಾನೆ. ಎಚ್ಚರಗೊಂಡ ಪ್ರದ್ಯುಮ್ನ ಬದುಕಿದೆನಲ್ಲ ಎಂದು ಸಮಾಧಾನಪಡುವುದಿಲ್ಲ. ಸಾರಥಿಯ ಮೇಲೆ ಹರಿಹಾಯುತ್ತಾನೆ. ವೃಷ್ಣಿಕುಲದಲ್ಲಿ ಹೀಗೆ ಬೆನ್ನು ತೋರಿಸಿದವರುಂಟೇ? ಅಪ್ಪನಿಗೆ, ದೊಡ್ಡಪ್ಪ ಬಲರಾಮನಿಗೆ, ಸಾತ್ಯಕಿಗೆ ನಾನೇನು ಹೇಳಲಿ? ಮನೆಯ ಹೆಂಗಸರು ಏನೆಂದುಕೊಂಡಾರು? ಸಾರಥಿ ಮೆತ್ತಗೆ, ಆದರೆ ಹಿಂಜರಿಯದೆ ಉತ್ತರಿಸುತ್ತಾನೆ: ರಥಿಕ ಪ್ರಜ್ಞೆ ತಪ್ಪಿದರೆ ಅವನನ್ನು ಕಾಯುವುದು ಸಾರಥಿಯ ಧರ್ಮ. ನಾನು ನಿನ್ನನ್ನು ಕಾಯಬೇಕು, ನೀನು ನನ್ನನ್ನು.

ಗಾಯಗೊಂಡವನನ್ನು ವಾಹನದಲ್ಲಿ ಹೊತ್ತು ತಂದ ಬಗ್ಗೆ ನಮ್ಮ ಪರಂಪರೆಯಲ್ಲಿ ನಡೆದ ಬಹಳ ಹಳೆಯ ಜಗಳ ಇದು. ಕೌಟಿಲ್ಯನ ಅರ್ಥಶಾಸ್ತ್ರ ಸೈನ್ಯದ ಹಿಂದೆ ಶಸ್ತ್ರ, ಯಂತ್ರ, ಎಣ್ಣೆ, ಬಟ್ಟೆಗಳನ್ನು ಹಿಡಿದ ವೈದ್ಯರು ಇರಬೇಕು ಎನ್ನುತ್ತದೆ. ಶರಶಯ್ಯೆಯ ಭೀಷ್ಮನ ಬಳಿಗೆ ದುರ್ಯೋಧನ ಶಲ್ಯವೈದ್ಯರನ್ನು ಕರೆತರುತ್ತಾನೆ, ಭೀಷ್ಮ ಅವರಿಗೆ ಸಂಭಾವನೆ ಕೊಡಿಸಿ ವಾಪಸು ಕಳಿಸುತ್ತಾನೆ. ಅಲ್ಲೆಲ್ಲ ವ್ಯವಸ್ಥೆಯಿದೆ, ಮಾತುಕತೆಯಿಲ್ಲ. ಪ್ರದ್ಯುಮ್ನನ ಕತೆಯಲ್ಲಿ ಮಾತ್ರ ಉಳಿದವನು ಉಳಿಸಿದವನ ಮುಖ ನೋಡಿ ‘ಯಾಕೆ ಉಳಿಸಿದೆ’ ಎಂದು ಕೇಳಬಲ್ಲ, ಉಳಿಸಿದವನು ಉತ್ತರ ಕೊಡಬಲ್ಲ.

ಈ ಪ್ರಸಂಗವನ್ನು ಮತ್ತೆ ತೆರೆದು ಓದುವಂತೆ ಮಾಡಿದ್ದು ಉಕ್ರೇನಿನ ಸುದ್ದಿಗಳು. ಅಲ್ಲಿ ಈಗ ಗಾಯಾಳು ಸೈನಿಕರನ್ನು ತರಲು ಚಾಲಕನಿಲ್ಲದ ನೆಲದ ವಾಹನಗಳು ಹೋಗುತ್ತಿವೆ. ನಮ್ಮ ಕಡೆಯ ಪವರ್ ಟಿಲ್ಲರಿಗಿಂತ ಒಂದಿಷ್ಟು ದೊಡ್ಡದಾದ, ಚಕ್ರ ಅಥವಾ ಟ್ರ್ಯಾಕ್‌ಗಳ ಮೇಲೆ ಕೂತ ಒಂದು ಹಲಗೆ. ಕೆಲವಕ್ಕೆ ಶವಪೆಟ್ಟಿಗೆಯಂಥದೇ ಒಂದು ಉಕ್ಕಿನ ಕವಚ. ಅದನ್ನು ನಡೆಸುವ ಆಪರೇಟರ್ ಎಷ್ಟೋ ಕಿಲೋಮೀಟರ್ ದೂರದ ನೆಲಮಾಳಿಗೆಯಲ್ಲಿ ಪರದೆಯ ಮುಂದೆ ಕೂತಿರುತ್ತಾನೆ. ಗಾಯಾಳು ತಾನೇ ತೆವಳಿಕೊಂಡು ಬಂದು ಹಲಗೆ ಹತ್ತಬೇಕು, ಅಥವಾ ಪಕ್ಕದಲ್ಲಿ ಉಳಿದ ಗೆಳೆಯ ಹತ್ತಿಸಬೇಕು. ಆಮೇಲೆ ಅವನೊಬ್ಬನೇ. ನಾಡಿ ನೋಡುವವರಿಲ್ಲ, ನೀರು ಕೊಡುವವರಿಲ್ಲ.

ಇದೇಕೆ ಬೇಕಾಯಿತು ಎಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನ್ಯ ಗಾಯಾಳುವನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗುತ್ತಿತ್ತು. 2009ರಲ್ಲಿ ಆಗಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಈ ಕೆಲಸ 60 ನಿಮಿಷದೊಳಗೆ ಆಗಬೇಕೆಂದು ಆದೇಶಿಸಿದರು. ‘ಗೋಲ್ಡನ್ ಅವರ್’ ಎಂಬ ಮಾತು ಯುದ್ಧವೈದ್ಯದ ಮಂತ್ರವಾಯಿತು. ಆಕಾಶ ಪೂರ್ತಿ ತನ್ನದಾಗಿದ್ದ ಸೈನ್ಯಕ್ಕೆ ಮಾತ್ರ ಅದು ಸಾಧ್ಯವಿತ್ತು. ಉಕ್ರೇನಿನಲ್ಲಿ ಆಕಾಶ ಯಾರದೂ ಅಲ್ಲ. ಸಣ್ಣ ಎಫ್‌ಪಿವಿ ಡ್ರೋನ್‌ಗಳು ಮುಂಚೂಣಿಯಿಂದ ಹತ್ತಾರು ಕಿಲೋಮೀಟರ್ ಹಿಂದಿನ ದಾರಿಯ ಮೇಲೂ ಕಣ್ಣಿಟ್ಟಿರುತ್ತವೆ. ಹೆಲಿಕಾಪ್ಟರ್ ಬರುವಂತಿಲ್ಲ, ಆಂಬುಲೆನ್ಸ್ ಹತ್ತಿರ ಸುಳಿಯುವಂತಿಲ್ಲ, ಸ್ಟ್ರೆಚರ್ ಹೊತ್ತ ನಾಲ್ವರು ಮೇಲಿನಿಂದ ನೋಡುವವನಿಗೆ ಒಂದೇ ಏಟಿಗೆ ಸಿಗುವ ಐದು ಗುರಿಗಳು. ಕೈಕಾಲಿಗೆ ರಕ್ತ ನಿಲ್ಲಿಸಲು ಬಿಗಿದ ಟೂರ್ನಿಕೇ ಪಟ್ಟಿ ಗಂಟೆಗಟ್ಟಲೆ ಹಾಗೇ ಉಳಿದು, ಜೀವ ಉಳಿದರೂ ಕಾಲು ಹೋಗುತ್ತದೆ. 2025ರ ನವೆಂಬರಿನಲ್ಲಿ ಉಕ್ರೇನಿನ ಒಂದು ವೈದ್ಯಕೀಯ ಬೆಟಾಲಿಯನ್ ಹೊರಗೆಡಹಿದ ವಿವರ ಹೀಗಿತ್ತು: ಗಾಯಗೊಂಡ ಒಬ್ಬ ಸೈನಿಕ 33 ದಿನ ಸಿಕ್ಕಿಹಾಕಿಕೊಂಡಿದ್ದ, ಅವನನ್ನು ತರುವ ಆರು ಪ್ರಯತ್ನಗಳು ವಿಫಲವಾದವು. ಏಳನೆಯ ಸಲ ‘ಮೌಲ್’ ಎಂಬ ಕವಚದ ರೋಬೋಟ್ ವಾಹನ, ನೆಲಬಾಂಬಿಗೆ ಸಿಕ್ಕು ಚಕ್ರ ಹಾಳಾದರೂ ಕುಂಟುತ್ತ ಬಂದು, ಅವನನ್ನು ತಲುಪಿಸಿತು. ಇಡೀ ಪ್ರಯಾಣಕ್ಕೆ ಹಿಡಿದದ್ದು ಸುಮಾರು ಆರು ಗಂಟೆ.

ಇಂಥ ಸುದ್ದಿಗಳ ಜೊತೆ ಬರುವ ವಿಡಿಯೊಗಳನ್ನು ಒಂದು ಪ್ರಕಾರದ ಕಥನವೆಂದೇ ಓದಬೇಕು ಅನಿಸುತ್ತದೆ. ಅವುಗಳಿಗೆ ತಮ್ಮದೇ ವ್ಯಾಕರಣವಿದೆ. ಮೇಲಿನಿಂದ ನೋಡುವ ಡ್ರೋನ್ ಕ್ಯಾಮೆರಾ, ಬೂದುಬಣ್ಣದ ಬಯಲು, ಗೆದ್ದಲು ಹುಳದಂತೆ ಸರಿಯುವ ಯಂತ್ರ, ಪೊದೆಯಿಂದ ಹೊರಬಂದು ತೆವಳುವ ಒಂದು ಬಿಳಿ ಚುಕ್ಕೆ, ಅಂದರೆ ಮೈಯ ಬಿಸಿಯಿಂದ ಹೊಳೆಯುವ ಮನುಷ್ಯ, ಕೊನೆಗೆ ಆಸ್ಪತ್ರೆಯ ಬಾಗಿಲು, ಹೆಬ್ಬೆರಳು ಎತ್ತಿದ ಕೈ. ಹಿನ್ನೆಲೆಯಲ್ಲಿ ಸಂಗೀತ. ನನ್ನನ್ನು ಕಾಡುವುದು ಕ್ಯಾಮೆರಾ ಇರುವ ಜಾಗ. ಕೊಲ್ಲುವ ಡ್ರೋನ್ ಮನುಷ್ಯನನ್ನು ಎಲ್ಲಿಂದ ನೋಡುತ್ತದೋ ಅಲ್ಲಿಂದಲೇ ಈ ರಕ್ಷಣೆಯ ಕತೆಯೂ ನೋಡುತ್ತದೆ. ಹಲಗೆಯ ಮೇಲೆ ಮಲಗಿದವನ ಕಣ್ಣಿಗೆ ಏನು ಕಂಡಿತು ಎಂಬುದು ಮಾತ್ರ ಎಲ್ಲೂ ಇಲ್ಲ.

ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ಯಲ್ಲಿ ಸರಿಯಾಗಿ ಇದರ ವಿರುದ್ಧ ದಿಕ್ಕಿನಿಂದ ನೋಡಿದ. ಆಸ್ಟರ್ಲಿಟ್ಜ್ ಬಯಲಲ್ಲಿ ಬಿದ್ದ ರಾಜಕುಮಾರ ಆಂದ್ರೇಗೆ ಯುದ್ಧ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಆ ಎತ್ತರದ ಮುಂದೆ, ತಾನು ಆರಾಧಿಸುತ್ತಿದ್ದ ನೆಪೋಲಿಯನ್ ಪಕ್ಕದಲ್ಲೇ ಬಂದು ನಿಂತರೂ ಅವನಿಗೆ ಸಣ್ಣವನಾಗಿ ತೋರುತ್ತಾನೆ. ನೆಪೋಲಿಯನ್ ಮೊದಲು ಅವನನ್ನು ಹೆಣವೆಂದುಕೊಂಡು ಮೆಚ್ಚಿಕೊಳ್ಳುತ್ತಾನೆ, ಆಮೇಲೆ ಉಸಿರಿದೆಯೆಂದು ತಿಳಿದು ಚಿಕಿತ್ಸೆಗೆ ಒಯ್ಯಲು ಹೇಳುತ್ತಾನೆ. ವಿಶ್ವಸಾಹಿತ್ಯದ ಎಷ್ಟೋ ಗಾಯಾಳುಗಳು ಆ ಆಕಾಶವನ್ನು ಎರವಲು ಪಡೆದಿದ್ದಾರೆ. ಇವತ್ತು ಕವಚವಿಲ್ಲದ ಹಲಗೆಯ ಮೇಲೆ ಅಂಗಾತ ಮಲಗಿ ಬರುವ ಸೈನಿಕನೂ ಆಕಾಶವನ್ನೇ ನೋಡುತ್ತಿರುತ್ತಾನೆ. ಗುಂಯ್ಗುಡುವ ಸದ್ದು ಯಾವ ಕಡೆಯಿಂದ ಬಂತೆಂದು ನೋಡುತ್ತಿರುತ್ತಾನೆ. ಆಂದ್ರೇಗೆ ದಕ್ಕಿದ ಆ ವಿಶಾಲ ನೆಮ್ಮದಿ ಇನ್ನು ಮುಂದಿನ ಯುದ್ಧ ಕಾದಂಬರಿಗೆ ದಕ್ಕಲಾರದು.

ಈಗ ‘ರೋಬೋಟ್’ ಎಂಬ ಪದಕ್ಕೆ ಬರೋಣ. ಅದು ಸಾಹಿತ್ಯ ಕೊಟ್ಟ ಪದ. ಚೆಕ್ ಲೇಖಕ ಕಾರೆಲ್ ಚಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಲ್ಲಿ ಮೊದಲು ಬಂತು. ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಜಮೀನುದಾರನಿಗೆ ಪ್ರಜೆ ಸಲ್ಲಿಸಬೇಕಾದ ಕಡ್ಡಾಯದ ದುಡಿಮೆ. ಕನ್ನಡದಲ್ಲಿ ಇದಕ್ಕೆ ಸಮನಾದ ಪದ ಹುಡುಕಲು ಕಷ್ಟಪಡಬೇಕಿಲ್ಲ: ಬಿಟ್ಟಿ. ರೋಬೋಟ್ ಎಂದರೆ ಬಿಟ್ಟಿಯಾಳು. ಹೀಗೆ ಅನುವಾದಿಸಿಕೊಂಡ ಕೂಡಲೆ ಯುದ್ಧಭೂಮಿಯಿಂದ ಗಾಯಾಳುಗಳನ್ನು ಹೊತ್ತು ತರುವ ರೋಬೋಟುಗಳು ಇಪ್ಪತ್ತೊಂದನೇ ಶತಮಾನದವಲ್ಲ ಎಂದು ಹೊಳೆಯುತ್ತದೆ. ಬ್ರಿಟಿಷರ ಭಾರತೀಯ ಸೈನ್ಯದ ಹಿಂದೆ ಡೋಲಿ ಹೊರುವವರ ದೊಡ್ಡ ಪಡೆಯೇ ನಡೆಯುತ್ತಿತ್ತು. ಬಿದಿರ ದಂಡಿಗೆಗೆ ಕಟ್ಟಿದ ತೂಗುಮಂಚ, ಅದಕ್ಕೆ ಹೆಗಲು ಕೊಡುವ ಕಹಾರರು, ನಮ್ಮ ಕಡೆ ಬೋಯಿಗಳು. ಇವರ ಬಗ್ಗೆ ಹಳೆಯದೊಂದು ನಗೆಕತೆಯಿದೆ. ಗಾಯಾಳುಗಳನ್ನು ಡೋಲಿಗಳು ಒಯ್ದವು ಎಂಬ ವರದಿ ಲಂಡನ್ನಿಗೆ ತಲುಪಿದಾಗ, ‘ಡೋಲಿ’ ಯಾವುದೋ ಕಾಡುಜನರ ಹೆಸರೆಂದು ತಿಳಿದ ಪಾರ್ಲಿಮೆಂಟ್ ಸದಸ್ಯರೊಬ್ಬರು, ಬೆಟ್ಟದಿಂದಿಳಿದ ಕ್ರೂರ ಡೋಲಿಗಳು ನಮ್ಮ ಸೈನಿಕರನ್ನು ಹೊತ್ತೊಯ್ದರೆಂದು ಸಭೆಯಲ್ಲಿ ಗೋಳಾಡಿದರಂತೆ. ಕಟ್ಟುಕತೆಯೇ ಇರಬಹುದು. ಆದರೂ ಅದರಲ್ಲಿ ಒಂದು ಸತ್ಯ ಸಿಕ್ಕಿಬಿದ್ದಿದೆ. ಆ ವರದಿಯ ಭಾಷೆಯಲ್ಲಿ ಹೊರುವವನೂ ಹೊರುವ ಸಾಧನವೂ ಒಂದೇ ಆಗಿದ್ದವು. ಡೋಲಿ ಬಂತು, ಡೋಲಿ ಹೋಯಿತು. ಕೆಳಗಿನ ಹೆಗಲು ವಾಕ್ಯದಲ್ಲಿ ಇರಲಿಲ್ಲ.

ಕಿಪ್ಲಿಂಗ್ ತನ್ನ ‘ಗಂಗಾ ದಿನ್’ ಪದ್ಯದಲ್ಲಿ ಈ ಹೆಗಲಿಗೆ ಒಂದು ಹೆಸರು ಕೊಟ್ಟ. ನೀರು ಹೊರುವ ಭಿಸ್ತಿ ಗಂಗಾ ದಿನ್ ಗಾಯಗೊಂಡ ಬಿಳಿಯ ಸೈನಿಕನನ್ನು ಡೋಲಿಯವರೆಗೆ ಹೊತ್ತು ತಂದು ತಾನು ಗುಂಡೇಟಿಗೆ ಸಾಯುತ್ತಾನೆ. ಅವನನ್ನು ಸದಾ ಬಯ್ಯುತ್ತ ಒದೆಯುತ್ತ ಇದ್ದ ಸೈನಿಕ, ನೀನು ನನಗಿಂತ ಒಳ್ಳೆಯವನು ಎಂದು ಒಪ್ಪಿಕೊಳ್ಳುತ್ತಾನೆ. ವಸಾಹತುಶಾಹಿ ಪದ್ಯವೆಂದು ತರಗತಿಗಳಲ್ಲಿ ಇದನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಮುಗಿಸಬೇಕಾದ್ದೇ. ಆದರೆ ಆ ಒಪ್ಪಿಗೆ ಬಾಯಿಂದ ಹೊರಡಲು ಗಂಗಾ ದಿನ್ ಸಾಯಬೇಕಾಯಿತು ಎನ್ನುವುದನ್ನು ಪದ್ಯ ಮುಚ್ಚಿಡುವುದಿಲ್ಲ. ಬಿಟ್ಟಿಯಾಳು ಮನುಷ್ಯನೆಂದು ಕಾಣುವುದು ಕೆಟ್ಟು ನಿಂತಾಗ.

ಇದೇ ಹೆಗಲಿನ ಕಡೆಯಿಂದ ಬರೆದ ಒಂದು ಪಠ್ಯ ನಮ್ಮ ಬಳಿ ಇದೆ, ಅದನ್ನು ನಾವು ಯುದ್ಧ ಸಾಹಿತ್ಯವೆಂದು ಓದುವುದಿಲ್ಲ. ಗೊರೂರರ ಮೂಲಕ ಕನ್ನಡದಲ್ಲಿ ಎಷ್ಟೋ ಮನೆಗಳನ್ನು ಹೊಕ್ಕ ಗಾಂಧಿಯ ಆತ್ಮಕಥೆ, ಅದರ ಜೊತೆಗೆ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಕುರಿತ ಅವರ ಪುಸ್ತಕ. 1899ರಲ್ಲಿ ಬೋಅರ್ ಯುದ್ಧ ಶುರುವಾದಾಗ ಗಾಂಧಿ ಸುಮಾರು 1,100 ಜನ ಭಾರತೀಯರ ಆಂಬುಲೆನ್ಸ್ ಪಡೆ ಕಟ್ಟಿದರು. ಅವರಲ್ಲಿ ಮುನ್ನೂರರಷ್ಟು ಮಂದಿ ಸ್ವತಂತ್ರರು, ಉಳಿದವರೆಲ್ಲ ಗಿರಮಿಟಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ತೋಟಕ್ಕೆ ಬಂದ ಕೂಲಿಗಳು. ಮತ್ತೆ ರೊಬೊಟಾ. ಕೊಲೆನ್ಸೊದಲ್ಲಿ, ಸ್ಪಿಯೋನ್ ಕಾಪ್‌ನಲ್ಲಿ ಇವರು ಕೆಲಸ ಮಾಡಿದರು. ಗುಂಡು ಹಾರುವ ಗಡಿಯೊಳಗೆ ಹೋಗಬೇಕಿಲ್ಲವೆಂಬ ಕರಾರಿತ್ತು. ಸ್ಪಿಯೋನ್ ಕಾಪ್ ಸೋಲಿನ ನಂತರ ಜನರಲ್ ಬುಲರ್, ನೀವು ಬರಲೇಬೇಕೆಂದಿಲ್ಲ, ಬಂದರೆ ಉಪಕಾರವಾದೀತು ಎಂದು ಹೇಳಿಕಳಿಸಿದಾಗ ಒಳಗೂ ಹೋದರು. ಗಾಯಾಳುಗಳನ್ನು ಹೊತ್ತು ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಮೈಲಿ ನಡೆದರು. ಯುದ್ಧ ಮುಗಿದ ಮೇಲೆ ಪದಕ ಬಂದದ್ದು ಮುಂದಾಳುಗಳಿಗೆ.

ಗಾಂಧಿ ಹೇಳುವ ಒಂದು ಸಣ್ಣ ಸಂಗತಿಯನ್ನು ನಾನು ಈ ಇಡೀ ವಿಷಯದ ನಡುವೆ ಇಟ್ಟು ನೋಡುತ್ತೇನೆ. ದಂಡನಾಯಕ ಲಾರ್ಡ್ ರಾಬರ್ಟ್ಸ್‌ನ ಮಗ ಲೆಫ್ಟಿನೆಂಟ್ ರಾಬರ್ಟ್ಸ್ ಕೊಲೆನ್ಸೊದಲ್ಲಿ ಮಾರಣಾಂತಿಕವಾಗಿ ಗಾಯಗೊಂಡ. ಅವನನ್ನು ಹೊತ್ತು ತಂದದ್ದು ಈ ಪಡೆ. ಸುಡುಬಿಸಿಲು, ಎಲ್ಲರಿಗೂ ಬಾಯಾರಿಕೆ, ದಾರಿಯಲ್ಲಿ ಒಂದು ಸಣ್ಣ ಹಳ್ಳ. ಮೊದಲು ಕುಡಿಯುವವರು ಯಾರು? ಬಿಳಿಯ ಸೈನಿಕರು ಕುಡಿದ ಮೇಲೆ ನಾವು ಎಂದು ಇವರು. ಇಲ್ಲ, ನೀವು ಮೊದಲು ಎಂದು ಅವರು. ಹೀಗೇ ಕೊಂಚ ಹೊತ್ತು ಉಪಚಾರದ ಪೈಪೋಟಿ ನಡೆಯಿತೆಂದು ಗಾಂಧಿ ಬರೆಯುತ್ತಾರೆ. ಊರಿನ ಪೇಟೆಯಲ್ಲಿ ಒಂದೇ ಕಾಲುದಾರಿಯಲ್ಲಿ ನಡೆಯಲು ಬಿಡದ ಜನ ಒಂದು ಹಳ್ಳದ ಬಳಿ ‘ನೀವು ಮೊದಲು’ ಎನ್ನುತ್ತಾರೆ. ಆ ಮಾತು ಬಂದದ್ದು ಯಾವ ಸುಧಾರಣೆಯಿಂದಲೂ ಅಲ್ಲ, ಒಂದೇ ಭಾರವನ್ನು ಒಂದೇ ಬಿಸಿಲಲ್ಲಿ ಹೊತ್ತದ್ದರಿಂದ. ಯುದ್ಧ ಮುಗಿದ ಮೇಲೆ ಅದೂ ಮುಗಿಯಿತು, ನಿಜ.

1906ರಲ್ಲಿ ಜುಲು ‘ದಂಗೆ’ಯಾದಾಗ ಗಾಂಧಿ ಮತ್ತೆ ಇಪ್ಪತ್ತನಾಲ್ಕು ಜನರ ಚಿಕ್ಕ ಪಡೆ ಕಟ್ಟಿಕೊಂಡು ಹೋದರು, ಬ್ರಿಟಿಷರ ಪರವಾಗಿಯೇ. ಹೋಗಿ ನೋಡಿದರೆ ಆರೈಕೆಗೆ ಕಾದಿದ್ದವರು ಜುಲುಗಳು. ಚಾಟಿಯೇಟಿನ ಗಾಯಗಳು ಕೊಳೆಯುತ್ತಿದ್ದವು, ಬಿಳಿಯರು ಮುಟ್ಟಲು ಒಪ್ಪುತ್ತಿರಲಿಲ್ಲ. ಗಾಂಧಿಯ ಜನ ಆ ಗಾಯಗಳನ್ನು ತೊಳೆದರು, ಜುಲುಗಳನ್ನು ಹೊತ್ತು ಮೈಲಿಗಟ್ಟಲೆ ನಡೆದರು. ಇದು ಯುದ್ಧವಲ್ಲ, ಮನುಷ್ಯಬೇಟೆ ಎಂಬ ಅರಿವು ಅವರಿಗೆ ಅಲ್ಲೇ ಆಯಿತು. ಬ್ರಹ್ಮಚರ್ಯದ ನಿರ್ಧಾರವೂ ಆ ನಿರ್ಜನ ಬೆಟ್ಟಗಳ ನಡಿಗೆಯಲ್ಲೇ ಗಟ್ಟಿಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ತಪ್ಪು ಪಕ್ಷದಲ್ಲಿ ನಿಂತು ಹೋದವನು ಹೊರುವ ಕೆಲಸದಿಂದಾಗಿ ಯಾವುದು ಸರಿ ಎಂದು ನೋಡಬೇಕಾಯಿತು. ಹೊರುವವನ ಕಣ್ಣು ಹೊತ್ತದ್ದರ ಮೇಲೆ ಇದ್ದೇ ಇರುತ್ತದೆ.

ಇನ್ನೊಂದು ಪಠ್ಯ. ಚಂದ್ರಧರ ಶರ್ಮಾ ಗುಲೇರಿ 1915ರಲ್ಲಿ ಬರೆದ ‘ಉಸ್ನೇ ಕಹಾ ಥಾ’ ಹಿಂದಿಯ ಮೊದಲ ಶ್ರೇಷ್ಠ ಕತೆಗಳಲ್ಲೊಂದು. ಮೊದಲ ಮಹಾಯುದ್ಧದ ಕಂದಕದಲ್ಲಿರುವ ಜಮಾದಾರ ಲಹನಾ ಸಿಂಗನಿಗೆ ಒಂದು ಮಾತಿನ ಭಾರವಿದೆ. ಬಾಲ್ಯದಲ್ಲಿ ಅಮೃತಸರದ ಬೀದಿಯಲ್ಲಿ ಕಂಡ ಹುಡುಗಿ ಈಗ ಸುಬೇದಾರನ ಹೆಂಡತಿ; ನನ್ನ ಗಂಡನನ್ನೂ ಮಗನನ್ನೂ ಕಾಪಾಡು ಎಂದು ಸೆರಗೊಡ್ಡಿ ಕೇಳಿದ್ದಾಳೆ. ಜರ್ಮನರ ಹಲ್ಲೆಯಲ್ಲಿ ಲಹನಾನ ಪಕ್ಕೆಗೆ ಗುಂಡು ಬಿದ್ದಿದೆ, ಅದನ್ನು ಅವನು ಯಾರಿಗೂ ಹೇಳಿಲ್ಲ. ರಾತ್ರಿ ಆಂಬುಲೆನ್ಸ್ ಗಾಡಿ ಬರುತ್ತದೆ. ಜ್ವರದಿಂದ ಬಡಬಡಿಸುವ ಹುಡುಗನನ್ನು ಮಲಗಿಸಿದ್ದಾಗಿದೆ. ಸುಬೇದಾರ ಲಹನಾನನ್ನು ಬಿಟ್ಟು ಹತ್ತಲು ಒಪ್ಪುವುದಿಲ್ಲ. ಲಹನಾ ಆಣೆಯಿಡುತ್ತಾನೆ, ತಮಾಷೆ ಮಾಡುತ್ತಾನೆ, ನೋಡಿ ನಿಂತೇ ಇದ್ದೇನಲ್ಲ ಎನ್ನುತ್ತಾನೆ, ಅಲ್ಲಿಂದ ಇನ್ನೊಂದು ಗಾಡಿ ಕಳಿಸಿ ಎನ್ನುತ್ತಾನೆ. ಗಾಡಿ ಹೊರಟ ಕೂಡಲೆ ನೆಲಕ್ಕೊರಗಿ ಗೆಳೆಯ ವಜೀರನಲ್ಲಿ ನೀರು ಕೇಳುತ್ತಾನೆ. ಕೊನೆಗೆ ಪತ್ರಿಕೆಯ ಸತ್ತವರ ಪಟ್ಟಿಯಲ್ಲಿ ಒಂದು ಸಾಲು.

ಸಾಮಾನ್ಯವಾಗಿ ಇದನ್ನು ಪ್ರೇಮಕತೆಯೆಂದು ಪಾಠ ಮಾಡುತ್ತಾರೆ. ನನಗಿದು ಒಂದು ವಾಹನದಲ್ಲಿ ಯಾರಿಗೆ ಜಾಗ ಎಂಬ ಕತೆಯಾಗಿ ಕಾಣುತ್ತದೆ. ಬಂದ ಗಾಡಿಯನ್ನು ಬಿಟ್ಟುಕೊಡುವವನು ತನ್ನ ಗಾಯ ಮುಚ್ಚಿಟ್ಟುಕೊಳ್ಳಬೇಕು, ಅಂದರೆ ಸುಳ್ಳು ಹೇಳಬೇಕು. ಉಕ್ರೇನಿನ ಆ ಹಲಗೆಗಳಲ್ಲಿ ಬಹುಪಾಲು ಒಬ್ಬನಿಗೆ ಮಾತ್ರ ಜಾಗ. ಒಂದು ಕಂದಕದಲ್ಲಿ ಮೂವರು ಗಾಯಾಳುಗಳು, ಬರುವುದು ಒಂದು ಯಂತ್ರ ಎಂದುಕೊಳ್ಳಿ. ಅಲ್ಲೂ ಒಬ್ಬ ಲಹನಾ ಸಿಂಗ್ ಇದ್ದೇ ಇರುತ್ತಾನೆ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಅವನ ಸುಳ್ಳು ಕೇಳಿಸುವುದಿಲ್ಲ. ಒಂದು ಬಿಳಿ ಚುಕ್ಕೆ ಹತ್ತಿತು, ಎರಡು ಉಳಿದವು, ಅಷ್ಟೇ.

ಇಷ್ಟು ಹೇಳಿದ ಮೇಲೆ ಓದುಗರಿಗೆ ಒಂದು ಅನುಮಾನ ಬರಬಹುದು. ಸಾಹಿತ್ಯದ ಮಂದಿಗೆ ಮನುಷ್ಯಸ್ಪರ್ಶದ ಮೇಲೆ ವ್ಯಾಮೋಹ ಜಾಸ್ತಿ, ಇದೂ ಅದೇ ಹಾಡು ಎಂದು. ಹಾಗಾಗಬಾರದು. ವಿಕ್ಟೋರಿಯಾ ಕ್ರಾಸ್ ಪದಕವನ್ನು ಎರಡು ಸಲ ಪಡೆದವರು ಇಡೀ ಚರಿತ್ರೆಯಲ್ಲಿ ಮೂವರು. ಅವರಲ್ಲಿ ಇಬ್ಬರು ವೈದ್ಯರು, ಆರ್ಥರ್ ಮಾರ್ಟಿನ್ ಲೀಕ್ ಮತ್ತು ನೋಯಲ್ ಶವಾಸ್. ಇಬ್ಬರೂ ಪಡೆದದ್ದು ಗುಂಡಿನ ನಡುವೆ ಗಾಯಾಳುಗಳ ಬಳಿಗೆ ಹೋದದ್ದಕ್ಕೆ. ಶವಾಸ್‌ಗೆ ಎರಡನೆಯದು ಸಿಕ್ಕಿದ್ದು 1917ರಲ್ಲಿ, ಸತ್ತ ಮೇಲೆ. ಈ ಪದಕಗಳು ಹೊರುವ ಕೆಲಸ ಎಷ್ಟು ಉದಾತ್ತವೆಂದು ಹೇಳುತ್ತವೆ, ಎಷ್ಟು ಜನರನ್ನು ತಿಂದಿತೆಂದೂ ಹೇಳುತ್ತವೆ. ನಮ್ಮಲ್ಲಿ ‘ಹೆಗಲು ಕೊಡಲು ನಾಲ್ಕು ಜನ ಬೇಕು’ ಎನ್ನುವುದು ಚಟ್ಟದ ಮಾತು. ಸ್ಟ್ರೆಚರಿಗೂ ನಾಲ್ಕು ಜನ ಬೇಕು. ಒಬ್ಬನನ್ನು ತರಲು ಹೋದ ನಾಲ್ವರಲ್ಲಿ ಇಬ್ಬರು ಬಿದ್ದರೆ ಲೆಕ್ಕ ಎತ್ತ ಹೋಗುತ್ತದೆಂದು ಉಕ್ರೇನಿನವರಿಗೆ ಯಾರೂ ಕಲಿಸಬೇಕಿಲ್ಲ. ಆ ಜಾಗದಲ್ಲಿ ಯಂತ್ರವೇ ಹೋಗಬೇಕು. ಸ್ಪರ್ಶದ ಹೆಸರಲ್ಲಿ ಇದನ್ನು ಅನುಮಾನಿಸುವ ಪ್ರಬಂಧ ಬರೆಯಲು ನನಗೆ ಮನಸ್ಸಿಲ್ಲ.

ಮನುಷ್ಯರು ನಡೆಸುವ ಗಾಡಿಯಲ್ಲೂ ಮನುಷ್ಯ ಒಂಟಿಯಾಗಿ ಸಾಯುತ್ತಾನೆ ಎಂದು ಹೆಮಿಂಗ್ವೇ ಆಗಲೇ ಬರೆದಿದ್ದಾನೆ. ಮೊದಲ ಮಹಾಯುದ್ಧದಲ್ಲಿ ಇಟಲಿಯಲ್ಲಿ ರೆಡ್ ಕ್ರಾಸ್ ಆಂಬುಲೆನ್ಸ್ ಓಡಿಸಿ ತಾನೇ ಗಾಯಗೊಂಡವನು ಅವನು. ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯಲ್ಲಿ ಗಾಯಗೊಂಡ ನಾಯಕನನ್ನು ಆಂಬುಲೆನ್ಸಿನ ಕೆಳಗಿನ ಸ್ಟ್ರೆಚರಿನಲ್ಲಿ ಮಲಗಿಸಿರುತ್ತಾರೆ. ಮೇಲಿನ ಸ್ಟ್ರೆಚರಿನಿಂದ ರಕ್ತ ಇವನ ಮೇಲೆ ಸುರಿಯತೊಡಗುತ್ತದೆ. ಕೂಗಿ ಹೇಳಿದರೆ ಚಾಲಕ ಏನೂ ಮಾಡುವಂತಿಲ್ಲ, ಗಾಡಿ ಬೆಟ್ಟ ಹತ್ತುತ್ತಿದೆ. ನಿಧಾನಕ್ಕೆ ತೊಟ್ಟಿಕ್ಕುವುದು ಕಡಿಮೆಯಾಗುತ್ತದೆ. ಮುಂದಿನ ನಿಲ್ದಾಣದಲ್ಲಿ ಆ ಸ್ಟ್ರೆಚರನ್ನು ಇಳಿಸಿ ಬೇರೆಯದನ್ನು ಏರಿಸುತ್ತಾರೆ. ವ್ಯತ್ಯಾಸ ಇಷ್ಟೇ: ಅಲ್ಲಿ ಮೇಲಿನವನ ಸಾವಿಗೆ ಕೆಳಗಿನವನು ಸಾಕ್ಷಿ, ಆದ್ದರಿಂದ ನಮಗೆ ಆ ಪುಟ ಸಿಕ್ಕಿತು.

ಈ ಒಂಟಿತನ ಎಂಜಿನಿಯರುಗಳಿಗೆ ಗೊತ್ತಿಲ್ಲ ಎಂದಲ್ಲ. ಅಮೆರಿಕದ ಸೈನ್ಯದ ಹಣದಿಂದ ವೆಕ್ನಾ ಎಂಬ ಕಂಪನಿ 2000ದ ದಶಕದಲ್ಲಿ ಗಾಯಾಳುಗಳನ್ನು ತೋಳಲ್ಲಿ ಎತ್ತಿಕೊಂಡು ಬರುವ ರೋಬೋಟನ್ನು ರೂಪಿಸಿತು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಬೇರ್’, ಕರಡಿ. ಇನ್ನೂರು ಕಿಲೋಗಿಂತ ಹೆಚ್ಚು ತೂಕ ಎತ್ತುವ ಆ ಹೈಡ್ರಾಲಿಕ್ ದೇಹದ ಮೇಲೆ ಅವರು ಆಟಿಕೆ ಕರಡಿಯ ಮುಖವೊಂದನ್ನು ಕೂರಿಸಿದರು. ನೋವಿನಲ್ಲಿ ಕಣ್ಣು ಬಿಟ್ಟವನಿಗೆ ಭಯವಾಗಬಾರದೆಂದು. ನನಗೆ ಮೊದಲು ನಗು ಬಂತು. ಆಮೇಲೆ, ನಾವು ಎಷ್ಟೋ ಪುಟಗಳಲ್ಲಿ ಹೇಳುವುದನ್ನು ಅವರು ಎರಡು ದುಂಡಗಿನ ಕಿವಿಗಳಲ್ಲಿ ಹೇಳಿದ್ದಾರೆ ಅನಿಸಿತು. ಗಾಯಗೊಂಡವನು ಮಗುವಾಗುತ್ತಾನೆ, ಅವನಿಗೆ ಮುಖ ಬೇಕು. ಆ ಕರಡಿ ರಣರಂಗದಲ್ಲಿ ನೆಲೆಯೂರಲಿಲ್ಲ. ಗೆದ್ದದ್ದು ಮುಖವೇ ಇಲ್ಲದ, ಅಗ್ಗದ, ಹಾಳಾದರೆ ಬಿಟ್ಟು ಬರಬಹುದಾದ ಹಲಗೆ.

ನಿಜವಾಗಿ ತಕರಾರು ತೆಗೆಯಬೇಕಾದ ಜಾಗ ಬೇರೆಯಿದೆ. ಈ ವಾಹನಗಳು ಮುಂಚೂಣಿಗೆ ಖಾಲಿ ಹೋಗುವುದಿಲ್ಲ. ಹೋಗುವಾಗ ಮದ್ದುಗುಂಡು, ನೀರು, ಬ್ಯಾಟರಿ, ಬರುವಾಗ ಗಾಯಾಳು. ಯುದ್ಧದ ಅರ್ಥಶಾಸ್ತ್ರಕ್ಕೆ ಇದು ಸಹಜ. ಆದರೆ 1859ರಲ್ಲಿ ಸೊಲ್ಫೆರಿನೊ ಕದನದ ಗಾಯಾಳುಗಳನ್ನು ಕಂಡ ಹೆನ್ರಿ ಡ್ಯುನಾಂಟ್ ಬರೆದ ಪುಸ್ತಕದಿಂದ, 1864ರ ಜಿನೀವಾ ಒಪ್ಪಂದದಿಂದ ಬೆಳೆದು ಬಂದ ಕಾನೂನು ಗಾಯಾಳುಗಳ ವಾಹನಕ್ಕೆ ರಕ್ಷಣೆ ಕೊಡುವುದು ಅದು ಆ ಕೆಲಸಕ್ಕೆ ಮಾತ್ರ ಮೀಸಲಾಗಿದ್ದಾಗ. 1977ರ ಮೊದಲ ಪೂರಕ ಪ್ರೋಟೊಕಾಲ್ ತಾತ್ಕಾಲಿಕ ಮೀಸಲನ್ನೂ ಒಪ್ಪುತ್ತದೆ. ಅಂದರೆ ಕಾಗದದ ಮೇಲೆ, ಬರುವ ದಾರಿಯಲ್ಲಿ ಕೆಂಪು ಶಿಲುಬೆ ಹಚ್ಚಿಕೊಂಡು ಹೋಗುವ ದಾರಿಯಲ್ಲಿ ಅಳಿಸಿಕೊಳ್ಳಬಹುದು. ಮೇಲಿನಿಂದ ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸುವ ಡ್ರೋನ್ ಪೈಲಟ್‌ಗೆ ಎರಡೂ ಒಂದೇ ಯಂತ್ರ. ಹಾಗೆ ನೋಡಿದರೆ ಶಿಲುಬೆ ಹಚ್ಚಿದ ಆಂಬುಲೆನ್ಸುಗಳಿಗೂ ಈ ಯುದ್ಧದಲ್ಲಿ ಏಟು ಬಿದ್ದಿದೆ.

ಸೊಲ್ಫೆರಿನೊ ಬಳಿಯ ಕಾಸ್ತಿಲ್ಯೋನೆ ಊರಿನ ಹೆಂಗಸರು ಯಾವ ದೇಶದವನೆಂದು ನೋಡದೆ ಆರೈಕೆ ಮಾಡುತ್ತ, ಎಲ್ಲರೂ ಅಣ್ಣತಮ್ಮಂದಿರೇ ಎಂದು ಹೇಳುತ್ತಿದ್ದರೆಂದು ಡ್ಯುನಾಂಟ್ ದಾಖಲಿಸಿದ್ದಾನೆ. ಆ ಹೆಂಗಸರಾಗಲಿ, ಜುಲುಗಳನ್ನು ಹೊತ್ತ ಗಾಂಧಿಯ ಜನರಾಗಲಿ ಶತ್ರುವಿನ ಗಾಯಾಳುವನ್ನು ಹುಡುಕಿಕೊಂಡು ಹೊರಟವರಲ್ಲ. ಅವನು ಕಾಲಿಗೆ ಎಡವಿದ. ಯಂತ್ರ ಎಡವುವುದಿಲ್ಲ. ಅದು ಹೊರಡುವಾಗಲೇ ಯಾರನ್ನು ತರಬೇಕೆಂಬುದು ತೀರ್ಮಾನವಾಗಿರುತ್ತದೆ. ದಾರಿಯಲ್ಲಿ ಬಿದ್ದ ಇನ್ನೊಬ್ಬನನ್ನು ದಾಟಿ ಹೋಗುತ್ತದೆ, ಏಕೆಂದರೆ ಅದರ ಬ್ಯಾಟರಿ, ಸಿಗ್ನಲ್, ಜಾಗ ಎಲ್ಲವೂ ಒಬ್ಬನಿಗಾಗುವಷ್ಟೇ ಇವೆ. 2025ರ ಜುಲೈನಲ್ಲಿ ಡ್ರೋನು ಮತ್ತು ನೆಲದ ರೋಬೋಟುಗಳಿಗೇ ರಷ್ಯದ ಸೈನಿಕರು ಶರಣಾದರೆಂದು ಉಕ್ರೇನಿನ ಒಂದು ಬ್ರಿಗೇಡ್ ಹೇಳಿಕೊಂಡಿತು. ಶರಣಾಗತಿಗೆ ಎರಡು ಕಾಲು ಸಾಕು, ನಡೆದು ಬಂದರಾಯಿತು. ಕಾಲು ಮುರಿದ ಶತ್ರುವಿನ ಕತೆ ಅದರಲ್ಲಿ ಬರಲಿಲ್ಲ.

ಇನ್ನೂ ಒಂದು. ಗಾಯಾಳುವನ್ನು ತರಲು ಯಾರನ್ನು ಕಳಿಸಲಿ ಎಂಬ ಪ್ರಶ್ನೆ ಸೇನಾಧಿಕಾರಿಗೆ ಯಾವಾಗಲೂ ಒಂದು ಮುಳ್ಳು. ಎಲ್ಲಿಂದ ಜನರನ್ನು ವಾಪಸು ತರಲಾಗುವುದಿಲ್ಲವೋ ಅಲ್ಲಿಗೆ ಕಳಿಸುವಾಗ ಕೈ ಸ್ವಲ್ಪವಾದರೂ ನಡುಗುತ್ತದೆ. ಯಂತ್ರ ಇದೆಯಲ್ಲ ಎಂಬ ಧೈರ್ಯ ಆ ನಡುಕವನ್ನು ಕಡಿಮೆ ಮಾಡೀತು. 33 ದಿನ ಸಿಕ್ಕಿಹಾಕಿಕೊಂಡವನ ಸುದ್ದಿಯನ್ನು ಎಲ್ಲರೂ ಏಳನೆಯ ಪ್ರಯತ್ನದ ಕತೆಯಾಗಿ ಹೇಳಿದರು. ಮೂವತ್ತಮೂರು ದಿನದ ಕತೆಯಾಗಿ ಅದನ್ನು ಅವನೊಬ್ಬನೇ ಹೇಳಬಲ್ಲ.

ಅವನ ಹೊರತಾಗಿ ಹೇಳಬಲ್ಲವನು ಇನ್ನೊಬ್ಬನಿದ್ದಾನೆ, ನೆಲಮಾಳಿಗೆಯ ಆಪರೇಟರ್. ಇವತ್ತಿನ ಸಾರಥಿ ಅವನೇ. ಗಾಯಾಳುವಿನ ಜೊತೆ ಅವನು ಇಲ್ಲ, ಆದರೆ ಆರು ಗಂಟೆ ಹೊತ್ತು ಕಣ್ಣು ಮಿಟುಕಿಸದೆ ಅವನ ದಾರಿಯನ್ನಷ್ಟೇ ನೋಡುತ್ತಿರುತ್ತಾನೆ. ಗುಂಡಿಯೊಂದು ಬಂದರೆ ಮಲಗಿದವನ ಬೆನ್ನಿಗೆ ಹೊಡೆತ ಬೀಳುತ್ತದೆಂದು ಅವನಿಗೆ ಗೊತ್ತು. ಅದು ಬೀಳುವುದು ಅವನ ಬೆನ್ನಿಗಲ್ಲ. ರೇಡಿಯೊ ತರಂಗಕ್ಕೆ ಅಡ್ಡಿಯಾಗಿ ಪರದೆ ಕಪ್ಪಾದರೆ, ನಡುದಾರಿಯಲ್ಲಿ ನಿಂತ ಯಂತ್ರ, ಅದರ ಮೇಲೊಬ್ಬ ಮನುಷ್ಯ, ಇವನ ಕೈಯಲ್ಲೊಂದು ಸತ್ತ ಜಾಯ್‌ಸ್ಟಿಕ್. ತಾನು ನಿಲ್ಲಿಸಿದ್ದೋ ಅದೇ ನಿಂತಿದ್ದೋ ಎಂದು ಹಲಗೆಯ ಮೇಲಿದ್ದವನಿಗೆ ತಿಳಿಯುವುದಿಲ್ಲ. ದಾರುಕನ ಮಗನಿಗೆ ಪ್ರದ್ಯುಮ್ನನ ಬೈಗುಳವಾದರೂ ಸಿಕ್ಕಿತು, ಉತ್ತರ ಕೊಡಲು ಅವಕಾಶ ಸಿಕ್ಕಿತು, ಮರುಕ್ಷಣ ಅದೇ ರಥವನ್ನು ಅದೇ ರಣಕ್ಕೆ ತಿರುಗಿಸುವ ಅಪ್ಪಣೆಯೂ ಸಿಕ್ಕಿತು. ಈ ಆಪರೇಟರ್ ಬರೆದ ಒಂದು ಪುಸ್ತಕವಾಗಲಿ ಕತೆಯಾಗಲಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಯುದ್ಧ ನಡೆಯುತ್ತಿದೆ, ಅವನಿಗೆ ಬಿಡುವಿಲ್ಲ. ಇವತ್ತು ರಾತ್ರಿಯೂ ಅವನು ಒಂದು ಹಲಗೆಯನ್ನು ಕೆಸರಿನಲ್ಲಿ ನಡೆಸುತ್ತಿರಬಹುದು, ಹೋಗುವ ದಾರಿಯಲ್ಲಿ ಗುಂಡುಗಳನ್ನು ಹೇರಿಕೊಂಡು.